ಎಲ್ಡನ್ ಫ್ರಿಟ್ಜ್ ಒಳಗೆ ಹೋಗಿ ಬಂದದ್ದು

ನಮ್ಮ ಹ್ಯಾಸ್ಕಿನ್ ಕೌಂಟಿಯಲ್ಲಿ ಎಲ್ಡನ್ ಫ್ರಿಟ್ಜ್‌ನಷ್ಟು ಸಾಧು ಮನುಷ್ಯ ಇನ್ನೊಬ್ಬನಿಲ್ಲ ಎಂದು ನಾನು ಹೇಳಿದರೆ ಅದನ್ನು ಹೊಗಳಿಕೆ ಎಂದುಕೊಳ್ಳಬೇಡಿ, ದೂರು ಎಂದುಕೊಳ್ಳಿ. ಸುತ್ತ ಒಂದು ನರಪಿಳ್ಳೆ ಇಲ್ಲದಿದ್ದರೂ ಸಿಗ್ನಲ್ಲಿನಲ್ಲಿ ಹಸಿರು ದೀಪ ಬರುವವರೆಗೆ ಅವನು ಕಾರು ನಿಲ್ಲಿಸಿಕೊಂಡೇ ಇರುತ್ತಾನೆ. ಅವನ ಹಿಂದೆ ಸಿಕ್ಕಿಕೊಂಡ ನಾನು ಸ್ಟಿಯರಿಂಗ್ ಕಚ್ಚುತ್ತಿರುತ್ತೇನೆ. ಲೈಬ್ರರಿ ಪುಸ್ತಕ ತಡವಾದೀತೆಂದು ಪೂರ್ತಿ ಓದುವ ಮೊದಲೇ ವಾಪಸ್ ಕೊಟ್ಟುಬಿಡುತ್ತಾನೆ. ಹೀಗಾಗಿ ಅವನು ಓದಿದ ಪತ್ತೇದಾರಿ ಕಾದಂಬರಿಗಳಲ್ಲಿ ಒಂದರ ಕೊಲೆಗಾರನೂ ಅವನಿಗೆ ಇವತ್ತಿನವರೆಗೆ ಗೊತ್ತಿಲ್ಲ.

ನನ್ನದು ಹುಲ್ಲು ಕತ್ತರಿಸುವ ಮೆಷಿನ್ ರಿಪೇರಿ ಮಾಡುವ ಅಂಗಡಿ. ಚಳಿಗಾಲವಿಡೀ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಕೊಳೆಸಿಟ್ಟು ವಸಂತ ಬಂದ ಕೂಡಲೇ ‘ಗಸ್, ಇದ್ಯಾಕೋ ಸ್ಟಾರ್ಟೇ ಆಗ್ತಿಲ್ಲ’ ಎಂದು ಮುಗ್ಧ ಮುಖ ಹೊತ್ತು ಬರುವ ಜನರಿಂದಲೇ ನನ್ನ ಹೊಟ್ಟೆ ತುಂಬುತ್ತದೆ, ತಲೆಯೂ ಕೆಡುತ್ತದೆ. ಅಂಗಡಿಯ ಬಾಗಿಲ ಬಳಿ ಒಂದು ಬೆಂಚು, ಒಂದು ಕಾಫಿ ಪಾತ್ರೆ. ಬೆಂಚಿನ ಈ ತುದಿಯಲ್ಲಿ ದನದ ಮೇವಿನ ಗಿರಣಿಯಲ್ಲಿ ನಿವೃತ್ತನಾದ ಎಲ್ಡನ್. ಆ ತುದಿಯಲ್ಲಿ ಅಂಚೆ ಇಲಾಖೆಯಲ್ಲಿ ನಿವೃತ್ತನಾದ ಹೋಬರ್ಟ್. ಊರಿನವರ ಪೋಸ್ಟ್‌ಕಾರ್ಡುಗಳನ್ನೆಲ್ಲ ಓದಿಯೇ ಹಂಚಿದವನು ಹೋಬರ್ಟ್. ಓದುವುದು ನಿಂತ ಮೇಲೆ ಅವನಿಗೆ ಊರಿನ ಬಗ್ಗೆ ಊಹೆ ಮಾಡುವ ಕಷ್ಟ ಬಂದಿತ್ತು.

ಎಲ್ಡನ್‌ಗೆ ಒಂದೇ ಒಂದು ಜಂಬವಿತ್ತು. ಮಾತು ಪೊಲೀಸರ ಕಡೆಗೋ ಜೈಲಿನ ಕಡೆಗೋ ತಿರುಗಿದರೆ ಸಾಕು, ಅವನು ಕಾಫಿ ಲೋಟ ಕೆಳಗಿಟ್ಟು, ಕಣ್ಣು ಕಿರಿದು ಮಾಡಿ, “ಒಳಗೆ ಹೋಗಿ ಬಂದವನಿಗೇ ಗೊತ್ತು,” ಅನ್ನುತ್ತಿದ್ದ.

“ನೀನು ಹೋಗಿದ್ಯೇನೋ?” ಎಂದು ಹೋಬರ್ಟ್ ಕೇಳಿದರೆ, “ಅದೆಲ್ಲ ಈಗ ಯಾಕೆ ಬಿಡು,” ಎಂದು ಸುಮ್ಮನಾಗುತ್ತಿದ್ದ. ಸುಮ್ಮನಾದವನ ಬಾಯಿಂದ ಹೊರಡದ್ದನ್ನೆಲ್ಲ ಹೋಬರ್ಟ್ ಊರಿಗೆ ಹಂಚಿದ. ವರ್ಷಗಳುರುಳಿದಂತೆ ಎಲ್ಡನ್ ಮದುವೆಗೆ ಮುಂಚೆ ಒಂದು ಬಾರಿನಲ್ಲಿ ಇಬ್ಬರ ದವಡೆ ಮುರಿದಿದ್ದ, ಆಮೇಲೆ ಮೂವರದ್ದು, ಹೋದ ವರ್ಷದ ಹೊತ್ತಿಗೆ ಬಾರೇ ಉರಿದುಹೋಗಿತ್ತು.

ಹೀಗಿರುವಾಗ ಏಪ್ರಿಲ್ ತಿಂಗಳಲ್ಲಿ ಎಲ್ಡನ್ ಬಣ್ಣಗೆಟ್ಟ ಮುಖ ಹೊತ್ತು ಅಂಗಡಿಗೆ ಬಂದ. ಅವನ ಮೊಮ್ಮಗಳು ಜೂನಿ ಮೂರನೇ ಕ್ಲಾಸು. ಮೇ ತಿಂಗಳಲ್ಲಿ ಕ್ಲಾಸಿನವರೆಲ್ಲ ಝೂಗೆ ಹೋಗುತ್ತಾರೆ, ಮಕ್ಕಳ ಜೊತೆ ಮನೆಯ ದೊಡ್ಡವರು ಹೋಗಬಹುದು. ಜೂನಿಯ ಅಪ್ಪ ಲಾರಿ ಓಡಿಸುತ್ತಾನೆ, ಅಮ್ಮನಿಗೆ ಆಸ್ಪತ್ರೆಯಲ್ಲಿ ಪಾಳಿ. ಹಿಂದಿನ ಎರಡು ವರ್ಷವೂ ಆ ಹುಡುಗಿಯ ಕಡೆಯಿಂದ ಯಾರೂ ಹೋಗಿರಲಿಲ್ಲ. ಈ ಸಲ ಅವಳು ಕೇಳದೆಯೇ ತಾತನ ಹೆಸರು ಕೊಟ್ಟುಬಿಟ್ಟಿದ್ದಳು.

“ಹೋಗು ಮತ್ತೆ. ಪೆಂಗ್ವಿನ್ ನೋಡ್ಕೊಂಡು ಬಾ,” ಎಂದೆ.

“ಸ್ಕೂಲಿನವರು ಒಂದು ಫಾರಂ ಕೊಟ್ಟಿದಾರೆ ಗಸ್. ಜೊತೆಗೆ ಹೋಗೋರ ಮೇಲೆ ಕೇಸೇನಾದ್ರೂ ಇದೆಯಾ ಅಂತ ಷೆರಿಫ್ ಆಫೀಸಿಂದ ದಾಖಲೆ ತರಬೇಕಂತೆ. ‘ನಿಮ್ಮನ್ನು ಯಾವತ್ತಾದರೂ ಬಂಧಿಸಲಾಗಿದೆಯೆ?’ ಅಂತ ಬೇರೆ ಕೇಳಿದಾರೆ.” ಅವನು ಬೆಂಚಿನ ಮೇಲೆ ಕುಕ್ಕರಿಸಿದ. “ನಾನು ‘ಹೌದು’ ಅಂತ ಗುರುತು ಹಾಕಿದೀನಿ.”

ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಬಿತ್ತು. ಆ ಬಾರು, ಆ ದವಡೆ ಎಲ್ಲ ಹೋಬರ್ಟನ ಸೃಷ್ಟಿ ಎಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ.

“ವರ್ನಾಗೆ ಗೊತ್ತಿಲ್ಲ,” ಎಂದ ಎಲ್ಡನ್. ವರ್ನಾ ಅವನ ಹೆಂಡತಿ. “ಮದುವೆಯಾಗಿ ಈ ಊರಿಗೆ ಬಂದು ಆರು ತಿಂಗಳಾಗಿತ್ತು, ಆಗ ನಡೆದಿದ್ದು. ಗಿರಣಿಯಲ್ಲಿ ಕೆಲಸ ಜಾಸ್ತಿ ಇತ್ತು ಅಂತ ಸುಳ್ಳು ಹೇಳ್ದೆ. ಮೂವತ್ತು ವರ್ಷದಿಂದ ಮುಚ್ಚಿಟ್ಟಿದೀನಿ. ನೀನು ನನ್ನ ಜೊತೆ ಬಾ ಮಾರಾಯ, ಒಬ್ಬನೇ ಹೋಗೋಕೆ ಧೈರ್ಯ ಇಲ್ಲ.”

ಷೆರಿಫ್ ಆಫೀಸಿನ ದಾಖಲೆ ವಿಭಾಗದಲ್ಲಿ ಡಾಟಿ ಎಂಬ ಹೆಂಗಸು ಗಾಜಿನ ಆಚೆ ಕೂತು ಉಲ್ಲನ್ ಹೆಣೆಯುತ್ತಿರುತ್ತಾಳೆ. ಊರಿನ ಎಲ್ಲ ಪಾಪಗಳೂ ಅವಳ ಬೆನ್ನ ಹಿಂದಿನ ಬೀರುಗಳಲ್ಲಿವೆ.

“ಹೆಸರು, ಹುಟ್ಟಿದ ತಾರೀಕು ಬರ್ಕೊಡಿ. ಯಾರ ದಾಖಲೆ ಬೇಕಾದ್ರೂ ಯಾರು ಬೇಕಾದ್ರೂ ಕೇಳಬಹುದು,” ಎಂದಳು.

ಎಲ್ಡನ್ ಗಾಜಿಗೆ ಅಂಟಿಕೊಂಡ. “ಯಾರು ಬೇಕಾದ್ರೂನಾ? ದಾರಿಲಿ ಹೋಗೋರು ಬಂದು ನನ್ನದು ಕೇಳಿದ್ರೂ ಕೊಡ್ತೀರಾ?”

“ಹೂಂ ಮತ್ತೆ. ಸಾರ್ವಜನಿಕ ದಾಖಲೆ.”

“ಇಲ್ಲೀವರೆಗೆ... ಯಾರಾದ್ರೂ ಕೇಳಿದಾರಾ?”

“ನಿಮ್ಮದಾ? ಒಬ್ಬರೂ ಕೇಳಿಲ್ಲ.”

ಎಲ್ಡನ್‌ಗೆ ಸಮಾಧಾನವಾಯಿತು. ಆದರೆ ಸ್ವಲ್ಪ ಬೇಜಾರೂ ಆದದ್ದು ನನ್ನ ಕಣ್ಣಿಗೆ ಬಿತ್ತು.

ಡಾಟಿ ಕಂಪ್ಯೂಟರಿನಲ್ಲಿ ಹುಡುಕಿದಳು. ಎದ್ದು ಹೋಗಿ ಬೀರುಗಳಲ್ಲಿ ಹುಡುಕಿದಳು. ಕೂದಲಿಗೆ ಜೇಡರಬಲೆ ಅಂಟಿಸಿಕೊಂಡು ವಾಪಸ್ ಬಂದಳು.

“ಏನೂ ಇಲ್ಲ ಫ್ರಿಟ್ಜ್ ಅವರೇ.”

“ಸರಿಯಾಗಿ ನೋಡಮ್ಮಾ!”

“ನೋಡ್ದೆ. ಒಂದು ಪಾರ್ಕಿಂಗ್ ದಂಡ ಕೂಡ ಇಲ್ಲ. ಇಷ್ಟು ಖಾಲಿ ಇರೋ ಹೆಸರು ನನ್ನ ಸರ್ವೀಸಲ್ಲೇ ನೋಡಿಲ್ಲ. ಸತ್ತು ಹೋದೋರ ಹೆಸರಲ್ಲೂ ಏನಾದ್ರೂ ಸಿಗುತ್ತೆ.”

“ಅದು ಹೇಗೆ ಇರಲ್ಲ?” ಎಲ್ಡನ್ ಕೂಗಿದ. ಅವನು ಕೂಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. “ನನ್ನ ಕೈಗೆ ಬೇಡಿ ಹಾಕಿದ್ರು! ಫೋಟೋ ತೆಗೆದ್ರು! ಇದೇ ಕಟ್ಟಡದಲ್ಲಿ ಕೂಡಿ ಹಾಕಿದ್ರು! ಜನರ ತೆರಿಗೆ ದುಡ್ಡಲ್ಲಿ ಸಂಬಳ ತಗೊಂಡು ಒಂದು ದಾಖಲೆ ಜೋಪಾನವಾಗಿ ಇಟ್ಕೊಳ್ಳಕ್ಕಾಗಲ್ವಾ ನಿಮಗೆ?”

“ಏನು ಕೇಸದು?” ಡಾಟಿಗೂ ರೇಗಿತು.

ಎಲ್ಡನ್ ಆಚೀಚೆ ನೋಡಿ, ಗಾಜಿನ ತೂತಿಗೆ ಬಾಯಿಟ್ಟು, “ಚರ್ಚಿಗೆ ಸಂಬಂಧಪಟ್ಟಿದ್ದು,” ಎಂದ. ಡಾಟಿಯ ಹೆಣಿಗೆ ಕಡ್ಡಿ ಅಲ್ಲೇ ನಿಂತಿತು.

ದಾಖಲೆಯಿಲ್ಲ ಎಂಬ ಕಾಗದ ಹಿಡಿದು ಸ್ಕೂಲಿಗೆ ಹೋದೆವು. ಅಲ್ಲಿ ಟ್ರೂಡಿ ಎಂಬ ಕಾರ್ಯದರ್ಶಿ. ಆಕೆಯ ಮುಂದೆ ಹೆಡ್‌ಮಾಸ್ಟರೂ ಬೂಟು ಸದ್ದು ಮಾಡದೆ ನಡೆಯುತ್ತಾರೆ. ಆಕೆ ಷೆರಿಫ್ ಆಫೀಸಿನ ಕಾಗದ ಬಲಗಡೆ ಇಟ್ಟಳು, ಎಲ್ಡನ್ ಗುರುತು ಹಾಕಿದ ಫಾರಂ ಎಡಗಡೆ ಇಟ್ಟಳು, ಕನ್ನಡಕ ಏರಿಸಿದಳು.

“ಅವರು ಇಲ್ಲ ಅಂತಾರೆ, ನೀವು ಇದೆ ಅಂತೀರಿ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದೀರಿ. ಸುಳ್ಳು ಹೇಳೋರ ಜೊತೆ ಮಕ್ಕಳನ್ನ ಹೇಗ್ರೀ ಕಳಿಸಲಿ?”

“‘ಇಲ್ಲ’ ಅಂತ ತಿದ್ದಿಬಿಡು ಮಾರಾಯ, ಮುಗೀತು,” ಎಂದು ನಾನು ಎಲ್ಡನ್‌ನ ಪಕ್ಕೆಗೆ ತಿವಿದೆ.

“ಹಾಗೆ ತಿದ್ದಿದ್ರೆ ಅದು ಸುಳ್ಳಾಗುತ್ತಲ್ಲೋ!”

ಟ್ರೂಡಿ ನಿಟ್ಟುಸಿರು ಬಿಟ್ಟಳು. “ಕೋರ್ಟಿಗೆ ಅರ್ಜಿ ಹಾಕಿ. ಹಳೇ ಬಂಧನದ ದಾಖಲೆ ಅಳಿಸಿ ಕೊಡ್ತಾರೆ. ಜಡ್ಜ್ ಒಂದು ಸಲ ಅಳಿಸಿದ್ರೆ ಆಮೇಲೆ ನೀವು ‘ಇಲ್ಲ’ ಅಂದ್ರೂ ಅದು ಸುಳ್ಳಲ್ಲ, ಕಾನೂನೇ ಒಪ್ಪುತ್ತೆ. ಝೂಗೆ ಹೋಗೋ ಶುಕ್ರವಾರದ ಒಳಗೆ ತಂದ್ಕೊಡಿ.”

ಇಲ್ಲದ ದಾಖಲೆಯನ್ನು ಅಳಿಸಿಕೊಡಿ ಎಂದು ಕೋರ್ಟಿಗೆ ಅರ್ಜಿ ಹಾಕಿದ ಮೊದಲನೆಯ ಮನುಷ್ಯ ಎಂಬ ಕೀರ್ತಿ ಹೀಗೆ ಎಲ್ಡನ್‌ನ ಪಾಲಿಗೆ ಬಂತು. ಅರ್ಜಿಯಲ್ಲಿ ಆರೋಪವೇನು ಎಂದು ಕೇಳಿದ ಜಾಗದಲ್ಲಿ ಅವನು ತುಂಬ ಹೊತ್ತು ಪೆನ್ನು ಕಡಿದ. ಇದ್ದದ್ದನ್ನು ಇದ್ದಂತೆ ಬರೆಯಲು ನಾಚಿಕೆ, ಸುಳ್ಳು ಬರೆಯಲು ಭಯ. ಕೊನೆಗೆ ‘ಚರ್ಚಿನಲ್ಲಿ ಅನುಚಿತ ವರ್ತನೆ’ ಎಂದು ಗಂಭೀರವಾಗಿ ಬರೆದ. ನನಗೂ ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಕೋರ್ಟಿನ ಅರ್ಜಿಯೂ ತೀರ್ಪಾಗುವ ತನಕ ಸಾರ್ವಜನಿಕ ದಾಖಲೆಯೇ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹೋಬರ್ಟ್ ದಿನಾ ಲೈಬ್ರರಿಯ ಕಂಪ್ಯೂಟರಿನಲ್ಲಿ ಕೋರ್ಟಿನ ಪಟ್ಟಿ ಓದುತ್ತಾನೆ. ಬೇರೆಯವರು ಹವಾಮಾನ ನೋಡುವುದಿಲ್ಲವೇ, ಹಾಗೆ. ಅವನು ಏದುಸಿರು ಬಿಡುತ್ತ ನನ್ನ ಅಂಗಡಿಗೆ ಓಡಿಬಂದ.

“ಗಸ್! ಬಾರಲ್ಲ ಕಣೋ, ಚರ್ಚು! ಚರ್ಚಲ್ಲಿ!”

“ಏನು ಚರ್ಚಲ್ಲಿ?”

“ಅದನ್ನ ಬರೆಯೋಕೆ ಕೋರ್ಟಿನವರಿಗೂ ನಾಚಿಕೆ ಆಗಿದೆ ಅಂದ್ರೆ ನೀನೇ ಯೋಚ್ನೆ ಮಾಡು!”

ಊರು ಯೋಚನೆ ಮಾಡಿತು. ಚರ್ಚಿನ ಹೆಂಗಸರು ಕಾಣಿಕೆ ತಟ್ಟೆಗಳನ್ನು ಎಣಿಸಿದರು; ಎಲ್ಲ ಇದ್ದವು, ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು. ಎಲ್ಡನ್‌ನ ಪಕ್ಕದ ಮನೆಯ ಲೂಯೆಲಾ ತನ್ನ ಜಗಲಿಯಲ್ಲಿ ಋತುವಿಗೊಂದು ಅಂಗಿ ತೊಡಿಸಿ ನಿಲ್ಲಿಸುವ ಸಿಮೆಂಟ್ ಬಾತುಕೋಳಿಗೆ ಸರಪಳಿ ಹಾಕಿ ಬೀಗ ಜಡಿದಳು. ಮಾರನೆಯ ದಿನ ಅದೇ ಲೂಯೆಲಾ, ಯಾತಕ್ಕೂ ಇರಲಿ ಎಂದು ಎಲ್ಡನ್‌ಗೆ ಒಂದು ಇಡೀ ಕ್ರೀಮ್ ಪೈ ಸಿಹಿತಿಂಡಿ ಮಾಡಿ ತಂದುಕೊಟ್ಟಳು. ಪೆಟ್ರೋಲ್ ಬಂಕಿನ ಹುಡುಗರು ಅವನನ್ನು ‘ಸರ್’ ಅನ್ನತೊಡಗಿದರು. ಸಿಗ್ನಲ್ಲಿನಲ್ಲಿ ಅವನ ಹಿಂದೆ ನಿಂತವರು ಹಾರ್ನ್ ಒತ್ತುವುದನ್ನು ನಿಲ್ಲಿಸಿದರು.

ಇದೆಲ್ಲ ಸಾಲದೆಂಬಂತೆ ಟ್ರೂಡಿ ಫೋನ್ ಮಾಡಿದಳು. “ಮೊದಲು ನಿಮ್ಮ ಹೆಸರು ಹುಡುಕಿದ್ರೆ ಏನೂ ಬರ್ತಿರಲಿಲ್ಲ. ಈಗ ಹುಡುಕಿದ್ರೆ ಕೋರ್ಟ್ ಕೇಸು ಅಂತ ಬರ್ತಿದೆ! ಅಳಿಸಿಕೊಂಡು ಬನ್ನಿ ಅಂದ್ರೆ ಬರೆಸಿಕೊಂಡು ಬಂದಿದೀರಲ್ರೀ!”

ಅವತ್ತು ಸಂಜೆ ಮೆಷಿನ್ನಿನ ಬ್ಲೇಡು ಕೊಡಲು ನಾನು ಅವನ ಮನೆಗೆ ಹೋದಾಗ ಜೂನಿ ಮೆಟ್ಟಿಲ ಮೇಲೆ ತಾತನ ಪಕ್ಕ ಕೂತಿದ್ದಳು.

“ತಾತ, ನೀನು ಬರ್ತೀಯೋ ಇಲ್ವೋ? ಬರದಿದ್ರೆ ಈಗಲೇ ಹೇಳು. ನಾನು ಬಸ್ಸಲ್ಲಿ ನನ್ನ ಪಕ್ಕದ ಸೀಟು ಇಟ್ಕೊಂಡಿದೀನಿ, ಬೇರೆಯವರಿಗೆ ಕೊಡ್ಬೇಕಾಗುತ್ತೆ.”

“ಯಾರಿಗೂ ಕೊಡ್ಬೇಡ ಪುಟ್ಟಾ,” ಎಂದ ಎಲ್ಡನ್. ಅವನ ಕಣ್ಣಲ್ಲಿ ನೀರಿತ್ತು. ನನಗೆ ಕೆಟ್ಟ ಸಂಕಟವಾಗಿ, ಬ್ಲೇಡಿನ ದುಡ್ಡನ್ನೂ ಕೇಳದೆ ಬಂದುಬಿಟ್ಟೆ.

ವಿಚಾರಣೆ ಬುಧವಾರ. ಊರಿಗೆ ಊರೇ ಕೋರ್ಟಿನಲ್ಲಿತ್ತು. ಹೋಬರ್ಟ್ ಮುಂದಿನ ಸಾಲಿನಲ್ಲಿ ಜಾಗ ಹಿಡಿದು, ಪಕ್ಕದ ಜಾಗವನ್ನು ತನ್ನ ಟೋಪಿ ಇಟ್ಟು ನನಗಾಗಿ ಕಾದಿರಿಸಿದ್ದ. ಡಾಟಿ ಉಲ್ಲನ್ ಸಮೇತ ಬಂದಿದ್ದಳು. ವರ್ನಾ ಸಾವಿನ ಮನೆಗೆ ಹೋಗುವಾಗ ಹಾಕುವ ಕಪ್ಪು ಅಂಗಿ ತೊಟ್ಟು, ಯಾರ ಜೊತೆಯೂ ಮಾತಾಡದೆ ಕೂತಿದ್ದಳು. ಗಂಡ ಅವಳಿಗೆ ಹೇಳಿದ್ದಿಷ್ಟೇ: “ಎಲ್ಲಾ ಕೋರ್ಟಲ್ಲಿ ಹೇಳ್ತೀನಿ ವರ್ನಾ. ಆಮೇಲೆ ನೀನು ತವರಿಗೆ ಹೋಗ್ತೀನಿ ಅಂದ್ರೂ ತಡೆಯಲ್ಲ.” ಅವಳ ತವರು ಎರಡು ಬೀದಿ ಆಚೆಗಿತ್ತು.

ಜಡ್ಜ್ ಇಮೋಜಿನ್ ಕಾಯ್ಲ್ ಕಟ್ಟುನಿಟ್ಟಿನ ಹೆಂಗಸು. ಆಕೆಯ ಕೋರ್ಟಿನಲ್ಲಿ ಕೆಮ್ಮುವವರು ಹೊರಗೆ ಹೋಗಿ ಕೆಮ್ಮಿ ಬರುತ್ತಾರೆ.

“ಫ್ರಿಟ್ಜ್ ಅವರೇ,” ಎಂದು ಆಕೆ ಶುರು ಮಾಡಿದರು, “ಷೆರಿಫ್ ಆಫೀಸಲ್ಲಿ ನಿಮ್ಮ ದಾಖಲೆ ಇಲ್ಲ. ಸರ್ಕಾರಿ ವಕೀಲರ ಹತ್ರನೂ ಇಲ್ಲ. ಇಲ್ಲದೇ ಇರೋದನ್ನ ನಾನು ಎಲ್ಲಿಂದ ತಂದು ಅಳಿಸಲಿ?”

“ನಾನು ಒಳಗಿದ್ದೆ ಮೇಡಂ,” ಎಂದ ಎಲ್ಡನ್. ಮೈಕಿನಲ್ಲಿ ಅವನ ಉಗುಳು ನುಂಗಿದ ಸದ್ದೂ ಕೇಳಿಸಿತು. “ಮಧ್ಯಾಹ್ನ ಊಟ ಆದ ಮೇಲೆ ಇಬ್ಬರು ಡೆಪ್ಯುಟಿ ಪೊಲೀಸರು ಗಿರಣಿಗೇ ಬಂದು ಹಿಡಿದ್ರು. ಸಂಜೆ ತನಕ ಕೂಡಿ ಹಾಕಿದ್ರು.”

“ಯಾವ ಅಪರಾಧಕ್ಕೆ? ಅನುಚಿತ ವರ್ತನೆ ಅಂದ್ರೆ ಏನು? ಬಿಡಿಸಿ ಹೇಳಿ.”

ಹೋಬರ್ಟ್ ನನ್ನ ಮಂಡಿ ಹಿಡಿದುಕೊಂಡ. ಲೂಯೆಲಾ ಕಣ್ಣು ಮುಚ್ಚಿಕೊಂಡು ಕಿವಿ ತೆರೆದಿಟ್ಟಳು.

“ಚರ್ಚಲ್ಲಿ...” ಎಲ್ಡನ್ ನೆಲ ನೋಡಿದ. “ಚರ್ಚಲ್ಲಿ ಉಪದೇಶ ನಡೀವಾಗ ನಿದ್ದೆ ಮಾಡಿದ್ದಕ್ಕೆ.”

ಕೋರ್ಟಿನಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ. ಡಾಟಿಯ ಕಡ್ಡಿ ಬಿತ್ತು, ಕೇಳಿಸಿತು.

“ಗೊರಕೆ ಸಮೇತ ಅಂತ ವಾರಂಟಲ್ಲಿ ಇತ್ತು ಮೇಡಂ. ನಾನು ಸುಳ್ಳು ಹೇಳಲ್ಲ, ಮಾಡಿದ್ದು ನಿಜ. ನನ್ನ ಊರಲ್ಲಿ ಅದಕ್ಕೆ ಹಿಡೀತಿರಲಿಲ್ಲ, ಈ ಕೌಂಟಿ ಕಾನೂನು ನನಗೆ ಗೊತ್ತಿರಲಿಲ್ಲ. ಅವತ್ತಿಂದ ಇವತ್ತಿನವರೆಗೆ ಒಂದೇ ಒಂದು ಉಪದೇಶದಲ್ಲೂ ಕಣ್ಣು ಮುಚ್ಚಿಲ್ಲ.”

ಇದಂತೂ ನಿಜ. ಇಡೀ ಚರ್ಚು ತೂಕಡಿಸುತ್ತಿರುವಾಗ ಎಲ್ಡನ್ ಒಬ್ಬನೇ ಗೂಬೆಯಂತೆ ಕಣ್ಣು ಬಿಟ್ಟು ಕೂತಿರುವುದನ್ನು ನಾವೆಲ್ಲ ಭಕ್ತಿ ಅಂದುಕೊಂಡಿದ್ದೆವು. ಹಿಂದಿನ ಪಾದ್ರಿಗಳು ಅವನನ್ನು ನೋಡಿಯೇ ಉಪದೇಶವನ್ನು ಉದ್ದ ಮಾಡುತ್ತಿದ್ದರು. ಅದರ ಶಿಕ್ಷೆಯನ್ನು ನಾವೆಲ್ಲ ಅನುಭವಿಸಿದ್ದೆವು.

ಜಡ್ಜ್ ಅರ್ಜಿಯನ್ನು ಮತ್ತೊಮ್ಮೆ ತಿರುವಿ ನೋಡಿದರು. “ಅವತ್ತು ನಿಮ್ಮ ಜೊತೆ ಒಳಗೆ ಬೇರೆ ಯಾರಾದ್ರೂ ಇದ್ರಾ? ಸಾಕ್ಷಿ ಹೇಳೋರು?”

“ತುಂಬಾ ಜನ ಇದ್ರು ಮೇಡಂ. ಆದ್ರೆ ಹೆಸರು ಹೇಳಲ್ಲ.”

“ಯಾಕೆ?”

“ಎಲ್ಲಾ ಮರ್ಯಾದಸ್ಥರು. ಅವರೆಲ್ಲ ಆಮೇಲೆ ತಿದ್ಕೊಂಡು ಒಳ್ಳೇ ದಾರಿಗೆ ಬಂದಿದಾರೆ, ಮಕ್ಕಳು ಮರಿ ಇದೆ. ಔಷಧಿ ಅಂಗಡಿಯವರಿದ್ರು, ಬ್ಯಾಂಕಿನವರಿದ್ರು. ಅಯ್ಯೋ, ಹೇಳಿಬಿಟ್ನಾ! ಪಾದ್ರಿಗಳಂತೂ ಇರಲೇ ಇಲ್ಲ ಅಂತ ಬರ್ಕೊಳ್ಳಿ.”

“ಪ್ರಮಾಣ ಮಾಡಿದೀರಿ ಫ್ರಿಟ್ಜ್ ಅವರೇ. ಹೇಳಲೇಬೇಕು.”

ಎಲ್ಡನ್ ಬೆವರಿದ. ಕೈಯೊರಸಿಕೊಂಡ. ಆಮೇಲೆ ಮೈಕ್ ಇರುವುದನ್ನು ಮರೆತು ಜಡ್ಜ್ ಕಡೆಗೆ ಬಾಗಿ, ಅವನ ಲೆಕ್ಕದಲ್ಲಿ ಪಿಸುಗುಟ್ಟಿದ.

“ನಿಮ್ಮ ಹೆಸರಂತೂ ನಾನು ಸತ್ರೂ ಹೇಳಲ್ಲ ಮೇಡಂ. ನೀವು ಎದುರುಗಡೆ ಬೆಂಚಲ್ಲಿ ಕೂತಿದ್ರಿ. ಆಗ ನೀವಿನ್ನೂ ಚಿಕ್ಕ ವಕೀಲೆ. ನಿಮ್ಮದು ಅಳಿಸಿ ಕೊಟ್ಟಿದಾರೆ, ಅದಕ್ಕೇ ಜಡ್ಜ್ ಆಗಿದೀರಿ ಅಂತ ತಿಳ್ಕೊಂಡು ಧೈರ್ಯ ಮಾಡಿ ನಿಮ್ಮ ಹತ್ರನೇ ಬಂದೆ.”

ಆ ಪಿಸುಮಾತು ನಾಲ್ಕೂ ಮೂಲೆಯ ಧ್ವನಿಪೆಟ್ಟಿಗೆಗಳಿಂದ ಸ್ಪಷ್ಟವಾಗಿ ಹೊರಬಿತ್ತು. ಹೋಬರ್ಟ್ ಎದೆ ಹಿಡಿದುಕೊಂಡ. ಇಡೀ ಕೋರ್ಟು ಜಡ್ಜ್ ಮುಖ ನೋಡಿತು. ಜಡ್ಜ್ ಕನ್ನಡಕ ತೆಗೆದರು. ಎಲ್ಡನ್‌ನನ್ನೇ ದಿಟ್ಟಿಸಿದರು. ಅವರ ಮುಖ ಮೊದಲು ಬಿಳುಪಾಗಿ, ಆಮೇಲೆ ನಿಧಾನವಾಗಿ ಕೆಂಪೇರಿತು.

“ಅಯ್ಯೋ ದೇವರೇ,” ಎಂದರು. “ಬೆಂಕಿ ಗಾಡಿ!”

ಆಮೇಲೆ ಆಕೆ ನಕ್ಕರು. ಆ ಕೋರ್ಟಿನ ಗೋಡೆಗಳು ಅಂಥದ್ದನ್ನು ಹಿಂದೆಂದೂ ಕೇಳಿರಲಿಕ್ಕಿಲ್ಲ. ಆಕೆ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ವಯಸ್ಸಾದವರೆಲ್ಲ ಒಬ್ಬೊಬ್ಬರಾಗಿ ನಗತೊಡಗಿದರು. ನಾನು ಈ ಊರಿಗೆ ಆಮೇಲೆ ಬಂದವನು, ಬೆಪ್ಪನಂತೆ ಕೂತಿದ್ದೆ. ಹೋಬರ್ಟ್ ಕಣ್ಣೊರಸಿಕೊಳ್ಳುತ್ತ ವಿವರಿಸಿದ. ಆ ವರ್ಷ ನಮ್ಮ ಅಗ್ನಿಶಾಮಕ ದಳದವರು ಬೆಂಕಿ ಆರಿಸುವ ಹೊಸ ಗಾಡಿಗೆ ಹಣ ಎತ್ತಲು ಒಂದು ಆಟ ಹೂಡಿದ್ದರಂತೆ. ಐದು ಡಾಲರ್ ಕೊಟ್ಟು ಒಂದು ಹೆಸರು ಬರೆಸಿದರೆ ಡೆಪ್ಯುಟಿಗಳು ಹೋಗಿ ಆ ಮನುಷ್ಯನನ್ನು ಏನಾದರೊಂದು ತಮಾಷೆಯ ಆರೋಪದ ಮೇಲೆ ಹಿಡಿದು ತಂದು ಜೈಲಿನಲ್ಲಿ ಕೂರಿಸುತ್ತಿದ್ದರು. ಸ್ನೇಹಿತರು ಜಾಮೀನು ಕಟ್ಟಿ ಬಿಡಿಸಿಕೊಳ್ಳಬೇಕಿತ್ತು. ಅರ್ಧ ಊರು ಅವತ್ತು ಒಳಗೆ ಹೋಗಿ ಬಂದಿತ್ತು. ಉಳಿದವರಿಗೆಲ್ಲ ಅದು ಆಟ ಎಂದು ಗೊತ್ತಿತ್ತು. ಪಕ್ಕದ ಕೌಂಟಿಯಿಂದ ಬಂದ ಹೊಸ ಅಳಿಯನಿಗೆ ಹೇಳಲು ಎಲ್ಲರೂ ಮರೆತಿದ್ದರು.

ಎಲ್ಡನ್ ಮಾತ್ರ ನಗಲಿಲ್ಲ. “ಜೈಲಲ್ಲಿ ಪೈ ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು,” ಎಂದ ಮೆಲ್ಲಗೆ. ಆಮೇಲೆ ತಲೆಯೆತ್ತಿದ. “ಹಾಗಾದ್ರೆ ನನ್ನ ಹೆಸರು ಬರೆಸಿದ್ದು ಯಾರು?”

ಕಪ್ಪು ಅಂಗಿಯ ವರ್ನಾ ಎದ್ದು ನಿಂತಳು.

“ನಾನೇ,” ಎಂದಳು. “ಐದು ಡಾಲರ್ ಕೊಟ್ಟೆ. ಗೊರಕೆ ಸಮೇತ ಅಂತ ಬರೆಸಿದ್ದೂ ನಾನೇ. ಎಲ್ಲಾರ ಗಂಡಂದಿರನ್ನೂ ಹಿಡೀತಿದ್ರು, ನಿನ್ನನ್ನ ಬಿಟ್ರೆ ನಿನಗೆ ಅವಮಾನ ಅನ್ಕೊಂಡೆ.”

“ಸಂಜೆ ತನಕ ಬಿಡಿಸ್ಲೇ ಇಲ್ವಲ್ಲೇ!”

“ಅಮ್ಮ ಬಂದಿದ್ಲು, ಮಾತಲ್ಲಿ ಮರ್ತೇಹೋಯ್ತು. ನೀನು ಮನೆಗೆ ಬಂದು ಗಿರಣಿಯಲ್ಲಿ ಕೆಲಸ ಇತ್ತು ಅಂದೆ. ಕೋಪ ಮಾಡ್ಕೊಂಡಿದೀಯಾ ಅನ್ಕೊಂಡು ನಾನೂ ಎತ್ತಲಿಲ್ಲ. ಮೂವತ್ತು ವರ್ಷದಿಂದ ನೀನು ಯಾವಾಗ ಬೈತೀಯಾ ಅಂತ ಕಾಯ್ತಾ ಇದೀನಿ!” ಎಂದು ಅವಳು ಅಳತೊಡಗಿದಳು.

“ನೀನು ಬಿಟ್ಟು ಹೋಗ್ತೀಯಾ ಅಂತ ನಾನು ಹೇಳಲಿಲ್ಲ ಕಣೇ,” ಎಂದ ಎಲ್ಡನ್. ಅವನೂ ಅತ್ತ. ನನ್ನ ಪಕ್ಕದಲ್ಲಿ ಹೋಬರ್ಟ್ ಮೂಗು ಒರೆಸಿಕೊಂಡ. ನಾನು ಅತ್ತೆನೋ ಇಲ್ಲವೋ, ಅದು ಸಾರ್ವಜನಿಕ ದಾಖಲೆಯಲ್ಲ.

ಜಡ್ಜ್ ಸುತ್ತಿಗೆ ಕುಟ್ಟಿದರು. ಯಾರೂ ಎಂದೂ ಬಂಧಿಸದ ಎಲ್ಡನ್ ಫ್ರಿಟ್ಜ್‌ನ ಅರ್ಜಿಯನ್ನು ವಜಾ ಮಾಡಿ, ಆ ಅರ್ಜಿಯ ದಾಖಲೆಯನ್ನೇ ಯಾರಿಗೂ ಕಾಣದಂತೆ ಮುಚ್ಚಿಸಿ, ಸ್ಕೂಲಿಗೆ ತಾವೇ ಫೋನ್ ಮಾಡಿ ಹೇಳಿದರು. ಜೊತೆಗೆ ಡಾಟಿಯನ್ನು ಕರೆದು, “ನನ್ನದೂ ಒಂದು ಸಲ ಹುಡುಕಿ ನೋಡಿಬಿಡಮ್ಮಾ,” ಎಂದರಂತೆ.

ಶುಕ್ರವಾರ ಎಲ್ಡನ್ ಬಸ್ಸಿನಲ್ಲಿ ಜೂನಿಯ ಪಕ್ಕದ ಸೀಟಿನಲ್ಲಿ ಕೂತು ಝೂಗೆ ಹೋದ. ಸ್ಕೂಲಿನ ಮಕ್ಕಳಿಗೆ ವಿಷಯ ಅರ್ಧ ಮಾತ್ರ ತಲುಪಿತ್ತು. ಹಾಗಾಗಿ ಅತಿ ತುಂಟ ನಾಲ್ವರನ್ನು ಟ್ರೂಡಿ ಬೇಕೆಂದೇ ಅವನ ಗುಂಪಿಗೆ ಹಾಕಿದ್ದಳು. ಶನಿವಾರ ಅಂಗಡಿಗೆ ಬಂದವನನ್ನು ಕೇಳಿದೆ: “ಹೇಗಿದ್ರೋ ಆ ಪೋಕರಿಗಳು?”

“ಬಾಯಿ ಬಿಡ್ಲಿಲ್ಲ, ಸಾಲಾಗಿ ನಡೆದ್ರು,” ಎಂದ.

“ಏನು ಮಾಡ್ದೆ?”

“ಕೋತಿಗಳ ಬೋನಿನ ಮುಂದೆ ನಿಲ್ಲಿಸಿ, ಒಳಗೆ ಹೋಗಿ ಬಂದವನಿಗೇ ಗೊತ್ತು ಅಂದೆ. ಅಷ್ಟೇ.” ಹೇಳುವಾಗ ಅವನ ಕಣ್ಣು ಮತ್ತೆ ಕಿರಿದಾಯಿತು.

ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಉಪದೇಶ ಶುರು ಮಾಡಿ ಇನ್ನೂ ಬೈಬಲ್ಲಿನ ನೋಹನ ದೋಣಿಗೆ ಪ್ರಾಣಿಗಳು ಹತ್ತಿರಲಿಲ್ಲ, ನಮ್ಮ ಮುಂದಿನ ಸಾಲಿನಿಂದ ಒಂದು ಸದ್ದು ಬಂತು. ಮೊದಲು ಸಣ್ಣಗೆ, ಆಮೇಲೆ ನನ್ನ ಅಂಗಡಿಗೆ ಬರುವ ಹಳೆಯ ಮೆಷಿನ್ನುಗಳು ಕೊನೆಗೂ ಸ್ಟಾರ್ಟ್ ಆಗುತ್ತವಲ್ಲ, ಹಾಗೆ. ಎಲ್ಡನ್ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಮೂವತ್ತು ವರ್ಷದ ಬಾಕಿ ನಿದ್ದೆಯನ್ನು ಒಟ್ಟಿಗೆ ಹೊಡೆಯುತ್ತಿದ್ದ. ಜೂನಿ ಅವನ ತೋಳಿಗೆ ಒರಗಿದ್ದಳು. ಎಬ್ಬಿಸಲೆಂದು ಹೋಬರ್ಟ್ ಕೈ ಚಾಚಿದ. ವರ್ನಾ ಹಿಂದಕ್ಕೆ ತಿರುಗಿ ಆ ಕೈಗೆ ಛಟೀರೆಂದು ಹೊಡೆದು, ತನ್ನ ಸ್ವೆಟರ್ ಮಡಿಚಿ ಗಂಡನ ಕತ್ತಿನ ಕೆಳಗೆ ಇಟ್ಟಳು.

ಪಾದ್ರಿಗಳು ಒಂದು ಕ್ಷಣ ನಿಲ್ಲಿಸಿದರು, ಧ್ವನಿ ತಗ್ಗಿಸಿ ಮುಂದುವರಿಸಿದರು. ಕೊನೆಯ ಹಾಡನ್ನು ಅವತ್ತು ಇಡೀ ಚರ್ಚು ಪಿಸುಗುಟ್ಟಿಯೇ ಹಾಡಿತು.